ಕ್ಯಾನರಿ ಹೇಳಿದ್ದು, ಹೇಳದೇ ಉಳಿದದ್ದು

ಗಾಳಿಯಲ್ಲಿ ಎಷ್ಟು ವಿಷ ಇದೆ ಅಂತ ತಿಳಿಯೋಕೆ ತಾವೇ ಅದನ್ನು ಉಸಿರಾಡಿ ನೋಡಿದವರು ಜಾನ್ ಸ್ಕಾಟ್ ಹಾಲ್ಡೇನ್. 1860ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿ 1936ರಲ್ಲಿ ತೀರಿಕೊಂಡ ಈ ವಿಜ್ಞಾನಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಒಂದು ದೊಡ್ಡ ತಕರಾರೂ ಇದೆ.

1896ರಲ್ಲಿ ಸೌತ್ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿ ಸ್ಫೋಟಗೊಂಡು 57 ಕಾರ್ಮಿಕರು ಸತ್ತರು. ಶವಗಳನ್ನು ಪರೀಕ್ಷಿಸಿದ ಹಾಲ್ಡೇನ್, ಬಹುಪಾಲು ಜನರನ್ನು ಕೊಂದದ್ದು ಸ್ಫೋಟದ ಹೊಡೆತ ಅಲ್ಲ, ಆಮೇಲೆ ತುಂಬಿಕೊಂಡ ಕಾರ್ಬನ್ ಮೋನಾಕ್ಸೈಡ್ ಅಂತ ತೋರಿಸಿದರು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪತ್ತೆ ಮಾಡೋದು ಹೇಗೆ? ಪುಟ್ಟ ಪ್ರಾಣಿಗಳನ್ನು ಜೊತೆಗೆ ಒಯ್ಯಿರಿ ಅಂದರು. ಮೊದಲು ಇಲಿ, ಆಮೇಲೆ ಕ್ಯಾನರಿ ಹಕ್ಕಿ. ಅದರ ಉಸಿರಾಟ ಬಲು ವೇಗ, ಹಾಗಾಗಿ ಮನುಷ್ಯನಿಗಿಂತ ಮೊದಲೇ ಕುಸಿದು ಬೀಳುತ್ತದೆ. ಇಂಜಿನಿಯರಿಂಗ್ ಓದಿದ ನನ್ನ ಕಣ್ಣಿಗೆ ಇದು ಅಪ್ಪಟ ಸೆನ್ಸರ್. ಬ್ರಿಟನ್ನಿನ ಗಣಿಗಳಲ್ಲಿ ಈ ಹಕ್ಕಿಗಳು 1986ರವರೆಗೂ ಕೆಲಸ ಮಾಡಿದವು.

ಮುಂದೆ ಕಾರ್ನ್‌ವಾಲ್‌ನ ತವರದ ಗಣಿ ಕಾರ್ಮಿಕರ ಶ್ವಾಸಕೋಶ ಹಾಳಾಗಲು ಕಲ್ಲಿನ ಧೂಳೇ ಕಾರಣ ಎಂದು ತೋರಿಸಿದವರಲ್ಲಿ ಇವರೂ ಒಬ್ಬರು. ನಮ್ಮ ಕೆಜಿಎಫ್ ಕಾರ್ಮಿಕರನ್ನು ಕಾಡಿದ ಸಿಲಿಕೋಸಿಸ್ ಕೂಡ ಕಲ್ಲುಧೂಳಿನದೇ ರೋಗ. 1915ರಲ್ಲಿ ಜರ್ಮನ್ ಸೇನೆ ಈಪ್ರ್ ಬಳಿ ಕ್ಲೋರಿನ್ ಬಿಟ್ಟಾಗ ಹಾಲ್ಡೇನ್ ಫ್ರಾನ್ಸಿಗೆ ಹೋದರು. ಮುಖಗವಸುಗಳನ್ನು ಪರೀಕ್ಷಿಸಲು ತಾವೇ ಆ ಅನಿಲ ಸೇವಿಸಿದರು.

ಇಷ್ಟೆಲ್ಲ ಮಾಡಿದ ಮನುಷ್ಯ, ಕಲ್ಲಿದ್ದಲಿನ ಧೂಳು ಮಾತ್ರ ಅಪಾಯಕಾರಿಯಲ್ಲ ಅಂತ ಕೊನೆವರೆಗೂ ನಂಬಿದ್ದರು! 1912ರಿಂದ ಅವರು ಮುಖ್ಯಸ್ಥರಾಗಿದ್ದ ಪ್ರಯೋಗಾಲಯವನ್ನು ಕಟ್ಟಿದ್ದು ಕಲ್ಲಿದ್ದಲು ಗಣಿ ಮಾಲೀಕರು. ಅವರು ದುಡ್ಡಿಗೆ ಮಾರಿಕೊಂಡರು ಅಂತ ನಾನು ಹೇಳಲ್ಲ. ಆದರೆ ಅಷ್ಟು ದೊಡ್ಡ ಹೆಸರಿನವರು ಅಪಾಯವಿಲ್ಲ ಅಂದರೆ, ಕೆಮ್ಮುತ್ತಾ ಬಂದ ಕಾರ್ಮಿಕನ ಮಾತಿಗೆ ಬೆಲೆ ಎಲ್ಲಿ? ಆ ಧೂಳಿನ ರೋಗಕ್ಕೆ ಬ್ರಿಟನ್ನಿನಲ್ಲಿ ಪರಿಹಾರದ ಯೋಜನೆ ಬಂದದ್ದು 1943ರಲ್ಲಿ, ಹಾಲ್ಡೇನ್ ಸತ್ತು 7 ವರ್ಷಗಳ ನಂತರ.

ನನಗೆ ಕಾಣುವ ಪಾಠ ಇದು: ಅನಿಲ ನಿಮಿಷಗಳಲ್ಲಿ ಹಕ್ಕಿಯನ್ನು ಬೀಳಿಸುತ್ತದೆ, ಧೂಳು ದಶಕಗಳ ಕಾಲ ಮನುಷ್ಯನನ್ನು ತಿನ್ನುತ್ತದೆ. ತನ್ನ ಮೇಲೇ ಪ್ರಯೋಗ ಮಾಡಿಕೊಳ್ಳುವ ಧೈರ್ಯ ಇದ್ದರೂ ಆ ನಿಧಾನದ ಗಾಯ ಒಂದು ಮಧ್ಯಾಹ್ನದಲ್ಲಿ ಕಾಣಿಸಲ್ಲ.

ಈಗ ಅದನ್ನು ನೋಡುವ ದಾರಿಗಳಿವೆ. ಎಂಆರ್‌ಐ ಮುಖ್ಯವಾಗಿ ನೀರನ್ನು ಗುರುತಿಸುತ್ತದೆ, ಗಾಳಿ ತುಂಬಿದ ಶ್ವಾಸಕೋಶ ಅದಕ್ಕೆ ಬರೀ ಕತ್ತಲು. 1994ರಲ್ಲಿ ವಿಜ್ಞಾನಿಗಳು ಇಲಿಯ ಶ್ವಾಸಕೋಶಕ್ಕೆ ವಿಶೇಷವಾಗಿ ಸಿದ್ಧಪಡಿಸಿದ ಝೆನಾನ್ ಅನಿಲ ತುಂಬಿ ಚಿತ್ರ ತೆಗೆದರು. ಅನಿಲ ಹೋದ ಕಡೆ ಬೆಳಕು, ಹೋಗದ ಕಡೆ ಕತ್ತಲು. ಈಗ ಇಂಥ ಅನಿಲ ಉಸಿರಾಡಿಸಿ, ಪ್ರಾಣಿಯನ್ನು ಕೊಯ್ಯದೆ, ಒಂದೇ ಪ್ರಾಣಿಯಲ್ಲಿ ಗಾಯ ವಾರದಿಂದ ವಾರಕ್ಕೆ ಹೇಗೆ ಹಬ್ಬುತ್ತದೆ ಅಂತ ನೋಡಬಹುದು.

ಆದರೆ ಯಾವ ಧೂಳನ್ನು, ಯಾರ ದುಡ್ಡಿನಲ್ಲಿ, ಎಷ್ಟು ವರ್ಷ ಪರೀಕ್ಷಿಸಬೇಕು ಅಂತ ತೀರ್ಮಾನಿಸೋದು ಯಂತ್ರ ಅಲ್ಲ. ಅದು ರಾಜಕೀಯ. ಅಪಾಯವಿಲ್ಲ ಅಂತ ಯಾರೇ ಹೇಳಲಿ, ಎಷ್ಟು ಕಾಲ ಕಾದು ನೋಡಿ ಹೇಳುತ್ತಿದ್ದೀರಿ ಅಂತ ಕೇಳೋಣ.