ಸರ್ ಜಾನ್ ಚಾರ್ನ್ಲಿ: ಕೃತಕ ಕೀಲಿಗೆ ಕಾವಲು ನಿಂತ ವೈದ್ಯ

ಸವೆದ ಕೀಲನ್ನು ತೆಗೆದು ಕೃತಕ ಕೀಲು ಜೋಡಿಸುವ ಆಪರೇಷನ್ ಈಗ ನಮ್ಮ ಹುಬ್ಬಳ್ಳಿಯಲ್ಲೂ ನಡೆಯುತ್ತದೆ. ಇದನ್ನು ಜನ ನಂಬುವಂತೆ ಮಾಡಿದವರಲ್ಲಿ ಸರ್ ಜಾನ್ ಚಾರ್ನ್ಲಿ ಪ್ರಮುಖರು.

ಅವರು 1911ರ ಆಗಸ್ಟ್ 29ರಂದು ಇಂಗ್ಲೆಂಡಿನ ಬೆರಿ ಪಟ್ಟಣದಲ್ಲಿ ಜನಿಸಿದರು. ಮ್ಯಾಂಚೆಸ್ಟರ್‌ನಲ್ಲಿ ವೈದ್ಯಕೀಯ ಓದಿದರು. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ವೈದ್ಯರಾಗಿದ್ದರು. ನಂತರ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಸೊಂಟದ ಕೀಲಿನ ಕೆಲಸಕ್ಕೇ ಜೀವನ ಮುಡಿಪಾಗಿಟ್ಟರು.

ಮೊದಲು ಅವರು ಕೀಲಿಗೆ ಟೆಫ್ಲಾನ್ ಬಟ್ಟಲು ಬಳಸಿದರು. ಕೆಲವೇ ವರ್ಷಗಳಲ್ಲಿ ಅದು ಸವೆದುಹೋಯಿತು. ಅವರು ಸೋಲನ್ನು ಮುಚ್ಚಿಡಲಿಲ್ಲ. ಹೊಸ ವಸ್ತುವಿನ ಚೂರನ್ನು ತಮ್ಮ ತೊಡೆಯಲ್ಲೇ ಇಟ್ಟುಕೊಂಡು ಪರೀಕ್ಷಿಸಿದರು. 1962ರಲ್ಲಿ ಗಟ್ಟಿ ಪಾಲಿಥೀನ್ ಬಟ್ಟಲು ಯಶಸ್ವಿಯಾಯಿತು.

ಇನ್ನೊಂದು ಶತ್ರು ಸೋಂಕು. ಕೃತಕ ಕೀಲಿಗೆ ಅಂಟಿಕೊಂಡ ರೋಗಾಣುಗಳಿಗೆ ಔಷಧಿ ಸರಿಯಾಗಿ ತಾಗುವುದಿಲ್ಲ. ಕೆಲವೊಮ್ಮೆ ಕೀಲನ್ನೇ ತೆಗೆಯಬೇಕಾಗುತ್ತದೆ. ಚಾರ್ನ್ಲಿ ಸೋಸಿದ ಗಾಳಿಯ ಕೋಣೆ ಕಟ್ಟಿಸಿದರು, ವೈದ್ಯರಿಗೆ ಮೈಮುಚ್ಚುವ ವಿಶೇಷ ಉಡುಪು ತೊಡಿಸಿದರು. ನೂರಕ್ಕೆ ಸುಮಾರು 7 ಇದ್ದ ಸೋಂಕು 1ಕ್ಕಿಂತ ಕಡಿಮೆಯಾಯಿತು.

ಸೋಂಕು ಹೊರಗಿನ ಗಾಳಿಯಿಂದಷ್ಟೇ ಅಲ್ಲ, ರೋಗಿಯ ದೇಹದೊಳಗಿಂದಲೂ ಬರಬಹುದು. ಅದಕ್ಕೇ ಇಂದು ಅನೇಕ ವೈದ್ಯರು ಆಪರೇಷನ್‌ಗೆ ಮೊದಲು ರಕ್ತದಲ್ಲಿ ಸಕ್ಕರೆ, ಇಎಸ್ಆರ್, ಸಿಆರ್‌ಪಿ ನೋಡುತ್ತಾರೆ. ಸಿಆರ್‌ಪಿ ಎಂದರೆ ದೇಹದಲ್ಲಿ ಉರಿಯೂತವಿದ್ದಾಗ ಯಕೃತ್ತು ಹೆಚ್ಚಾಗಿ ತಯಾರಿಸುವ ಪ್ರೋಟೀನ್. ನಾವು ಕಾಮರ್ಸ್‌ನವರು ಇದನ್ನು ತಾಳೆಪಟ್ಟಿಯಂತೆ ತಿಳಿಯಬಹುದು. ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದು ಗೊತ್ತಾಗುತ್ತದೆ, ಎಲ್ಲಿ ಎಂಬುದನ್ನು ಹುಡುಕಬೇಕು. ಸಿಆರ್‌ಪಿ ಹೆಚ್ಚಾದರೆ ಸೋಂಕೇ ಇದೆ ಎಂದಲ್ಲ, ಸಂಧಿವಾತದಿಂದಲೂ ಏರಬಹುದು.

ನಮ್ಮ ದಾದಿಯ ಮೊಣಕಾಲಿನ ಆಪರೇಷನ್ ಕಳೆದ ತಿಂಗಳು ಆಗಬೇಕಿತ್ತು. ಸಿಆರ್‌ಪಿ ಹೆಚ್ಚಿತ್ತು; ಹುಡುಕಿದಾಗ ಹಲ್ಲಿನ ಬುಡದಲ್ಲಿ ಕೀವು ಕಂಡಿತು. ಅದು ವಾಸಿಯಾಗಲಿ ಎಂದು ವೈದ್ಯರು ಮುಂದೂಡಿದರು. ಅಬ್ಬಾ ಕಷ್ಟಪಟ್ಟು ಹಣ ಹೊಂದಿಸಿದ್ದಾರೆ. ಅಡರಕಟ್ಟಿಯ ನಮ್ಮ ಬಂಧುಗಳು ಬೇರೆ ಆಸ್ಪತ್ರೆಗೆ ಹೋಗಿ ಎನ್ನುತ್ತಾರೆ. ದಾದಿ ನಮಾಜ್ ಅನ್ನು ಕುರ್ಚಿಯ ಮೇಲೆ ಕೂತೇ ಮಾಡುತ್ತಾರೆ, ನೋವು ನಮಗೂ ಕಾಣುತ್ತದೆ. ಆದರೂ ಚಾರ್ನ್ಲಿಯವರ ಬಗ್ಗೆ ಓದಿದ ಮೇಲೆ, ಕಾಯೋಣ ಎಂದೇ ನಾನು ಮನೆಯಲ್ಲಿ ಹೇಳುತ್ತಿದ್ದೇನೆ.

1977ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. 1982ರ ಆಗಸ್ಟ್ 5ರಂದು ನಿಧನರಾದರು. ಸ್ನೇಹಿತರೇ, ನಿಮ್ಮ ಮನೆಯ ಹಿರಿಯರಿಗೆ ಈ ಆಪರೇಷನ್ ಇದ್ದರೆ ಕಾಲಿನ ಗಾಯ, ಹಲ್ಲುನೋವು, ಸಕ್ಕರೆ ಕಾಯಿಲೆ ಯಾವುದನ್ನೂ ವೈದ್ಯರಿಂದ ಮುಚ್ಚಿಡಬೇಡಿ. ತಡವಾದರೂ ಚಿಂತೆಯಿಲ್ಲ, ಕೀಲು ಉಳಿಯಬೇಕು.