ಲೂಯಿಸ್ ಬ್ರಾಂಡೈಸ್

ಲೂಯಿಸ್ ಡೆಂಬಿಟ್ಜ್ ಬ್ರಾಂಡೈಸ್ (ನವೆಂಬರ್ 13, 1856 – ಅಕ್ಟೋಬರ್ 5, 1941) ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯಾಯವಾದಿ, ಸಾರ್ವಜನಿಕ ಹಿತಾಸಕ್ತಿಯ ಹೋರಾಟಗಾರ ಹಾಗೂ 1916ರಿಂದ 1939ರವರೆಗೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ. ಛಾಯಾಚಿತ್ರ, ದೂರವಾಣಿ, ರೈಲು, ಅನಿಲ ಪೂರೈಕೆ ಮೊದಲಾದ ಹೊಸ ವ್ಯವಸ್ಥೆಗಳು ಸಾಮಾನ್ಯ ನಾಗರಿಕನ ಬದುಕನ್ನು ಬದಲಿಸುತ್ತಿದ್ದ ಕಾಲದಲ್ಲಿ, ಆ ನಾಗರಿಕನ ಹಕ್ಕುಗಳನ್ನು ಕಾನೂನು ಹೇಗೆ ಕಾಪಾಡಬೇಕು ಎಂಬುದನ್ನು ಇವರು ವ್ಯವಸ್ಥಿತವಾಗಿ ಚಿಂತಿಸಿದರು. ಇಂದಿನ ದತ್ತಾಂಶ ರಕ್ಷಣೆ, ಖಾಸಗಿತನ ಮತ್ತು ತಂತ್ರಜ್ಞಾನ ಕಂಪನಿಗಳ ಏಕಸ್ವಾಮ್ಯ ಕುರಿತ ಚರ್ಚೆಗಳಲ್ಲಿ ಇವರ ಹೆಸರು ಪದೇ ಪದೇ ಉಲ್ಲೇಖವಾಗುತ್ತದೆ.

ಆರಂಭಿಕ ಜೀವನ ಮತ್ತು ಶಿಕ್ಷಣ

ಬ್ರಾಂಡೈಸ್ ಅವರು ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ ಜನಿಸಿದರು. ತಂದೆ ಅಡಾಲ್ಫ್ ಬ್ರಾಂಡೈಸ್ ಮತ್ತು ತಾಯಿ ಫ್ರೆಡೆರಿಕಾ ಡೆಂಬಿಟ್ಜ್ ಅವರು 1848ರ ಯುರೋಪಿನ ಕ್ರಾಂತಿಗಳ ನಂತರ ಪ್ರಾಗ್‌ನಿಂದ ವಲಸೆ ಬಂದ ಯಹೂದಿ ಕುಟುಂಬಗಳಿಗೆ ಸೇರಿದವರು. ಗುಲಾಮಗಿರಿಯ ವಿರೋಧಿಯೂ ವಕೀಲರೂ ಆಗಿದ್ದ ಸೋದರಮಾವ ಲೂಯಿಸ್ ಡೆಂಬಿಟ್ಜ್ ಅವರ ಮೇಲಿನ ಅಭಿಮಾನದಿಂದ ಬ್ರಾಂಡೈಸ್ ಅವರು ತಮ್ಮ ಹೆಸರಿನ ನಡುವಿನ ಡೇವಿಡ್ ಎಂಬುದನ್ನು ಡೆಂಬಿಟ್ಜ್ ಎಂದು ಬದಲಿಸಿಕೊಂಡರು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಕೆಲಕಾಲ ವ್ಯಾಸಂಗ ಮಾಡಿ, 1875ರಲ್ಲಿ ಪದವಿಯಿಲ್ಲದೆಯೇ ಹಾರ್ವರ್ಡ್ ಕಾನೂನು ಶಾಲೆಯನ್ನು ಸೇರಿದರು. ದೃಷ್ಟಿದೋಷದಿಂದಾಗಿ ಓದುವುದು ಕಷ್ಟವಾದಾಗ ಸಹಪಾಠಿಗಳಿಂದ ಪಠ್ಯವನ್ನು ಓದಿಸಿ ಕೇಳುತ್ತಿದ್ದರು. 1877ರಲ್ಲಿ ಆ ಶಾಲೆಯ ಅತ್ಯುನ್ನತ ಶ್ರೇಣಿಯೊಂದಿಗೆ ತೇರ್ಗಡೆಯಾದರು. 1879ರಲ್ಲಿ ಸಹಪಾಠಿ ಸ್ಯಾಮ್ಯುಯೆಲ್ ವಾರೆನ್ ಅವರೊಂದಿಗೆ ಬಾಸ್ಟನ್ ನಗರದಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು. 1891ರಲ್ಲಿ ಆಲಿಸ್ ಗೋಲ್ಡ್‌ಮಾರ್ಕ್ ಅವರನ್ನು ವಿವಾಹವಾದರು. ದಂಪತಿಗೆ ಇಬ್ಬರು ಹೆಣ್ಣುಮಕ್ಕಳು.

ಖಾಸಗಿತನದ ಹಕ್ಕಿನ ಪ್ರತಿಪಾದನೆ

1888ರಲ್ಲಿ ಕೊಡಕ್ ಕಂಪನಿಯ ಕೈಯಲ್ಲಿ ಹಿಡಿಯಬಹುದಾದ ಕ್ಯಾಮೆರಾ ಮಾರುಕಟ್ಟೆಗೆ ಬಂದಿತು. ಅದಕ್ಕೆ ಮೊದಲು ಭಾವಚಿತ್ರಕ್ಕಾಗಿ ವ್ಯಕ್ತಿಯು ಸ್ವಇಚ್ಛೆಯಿಂದ ಕ್ಯಾಮೆರಾದ ಮುಂದೆ ಸ್ಥಿರವಾಗಿ ಕೂರಬೇಕಾಗಿತ್ತು. ಈಗ ಅವನಿಗೆ ತಿಳಿಯದಂತೆಯೇ ಚಿತ್ರ ತೆಗೆಯುವುದು ಸಾಧ್ಯವಾಯಿತು. ಇದೇ ವೇಳೆಗೆ ಪತ್ರಿಕೆಗಳಲ್ಲಿ ವ್ಯಕ್ತಿಗಳ ಮನೆಯೊಳಗಿನ ವಿಚಾರಗಳನ್ನು ಪ್ರಕಟಿಸುವ ಪ್ರವೃತ್ತಿ ಬೆಳೆದಿತ್ತು. ಈ ಹಿನ್ನೆಲೆಯಲ್ಲಿ ವಾರೆನ್ ಮತ್ತು ಬ್ರಾಂಡೈಸ್ ಅವರು 1890ರ ಡಿಸೆಂಬರ್‌ನಲ್ಲಿ ಹಾರ್ವರ್ಡ್ ಲಾ ರಿವ್ಯೂ ಪತ್ರಿಕೆಯಲ್ಲಿ ಖಾಸಗಿತನದ ಹಕ್ಕನ್ನು ಕುರಿತ ಲೇಖನವನ್ನು ಪ್ರಕಟಿಸಿದರು.

ಕಾನೂನು ಮೊದಲು ದೇಹವನ್ನು ಮತ್ತು ಕಣ್ಣಿಗೆ ಕಾಣುವ ಆಸ್ತಿಯನ್ನು ಮಾತ್ರ ರಕ್ಷಿಸುತ್ತಿತ್ತು, ಕ್ರಮೇಣ ಮಾನ, ಬರಹ, ಆಲೋಚನೆಗಳಿಗೂ ಆ ರಕ್ಷಣೆಯನ್ನು ವಿಸ್ತರಿಸಿತು ಎಂಬುದು ಲೇಖನದ ಮೂಲ ವಾದ. ಪ್ರಕಟಿಸದ ಪತ್ರಗಳಿಗೆ ನ್ಯಾಯಾಲಯಗಳು ಆಗಲೇ ನೀಡುತ್ತಿದ್ದ ರಕ್ಷಣೆಯ ನಿಜವಾದ ಆಧಾರ ಆಸ್ತಿಯಲ್ಲ, ವ್ಯಕ್ತಿತ್ವದ ಘನತೆ ಎಂದು ಲೇಖಕರು ತೋರಿಸಿದರು. ಹಕ್ಕಿನ ಮಿತಿಗಳನ್ನೂ ಅವರು ಸೂಚಿಸಿದರು: ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ ವಿಷಯಗಳ ಪ್ರಕಟಣೆಗೆ ಇದು ಅಡ್ಡಿಯಾಗದು, ವ್ಯಕ್ತಿಯೇ ಪ್ರಕಟಿಸಿದ್ದರೆ ಅಥವಾ ಒಪ್ಪಿಗೆ ನೀಡಿದ್ದರೆ ಹಕ್ಕು ಉಳಿಯದು, ಆದರೆ ಪ್ರಕಟವಾದದ್ದು ಸತ್ಯ ಎಂಬ ಸಮರ್ಥನೆ ಸಾಲದು. 1905ರಲ್ಲಿ ಜಾರ್ಜಿಯಾ ರಾಜ್ಯದ ಸರ್ವೋಚ್ಚ ನ್ಯಾಯಾಲಯವು, ವ್ಯಕ್ತಿಯೊಬ್ಬನ ಭಾವಚಿತ್ರವನ್ನು ಅವನ ಅನುಮತಿಯಿಲ್ಲದೆ ವಿಮಾ ಕಂಪನಿಯ ಜಾಹೀರಾತಿನಲ್ಲಿ ಬಳಸಿದ ಪ್ರಕರಣದಲ್ಲಿ ಈ ಹಕ್ಕನ್ನು ಮಾನ್ಯ ಮಾಡಿತು.

ಜನರ ವಕೀಲ

ವೃತ್ತಿಯಿಂದ ಸಾಕಷ್ಟು ಸಂಪಾದಿಸಿದ ನಂತರ ಬ್ರಾಂಡೈಸ್ ಅವರು ಸಾರ್ವಜನಿಕ ಪ್ರಕರಣಗಳಿಗೆ ಶುಲ್ಕ ಪಡೆಯುವುದನ್ನು ನಿಲ್ಲಿಸಿದರು. ಇದರಿಂದ ಅವರಿಗೆ ಜನರ ವಕೀಲ ಎಂಬ ಹೆಸರು ಬಂದಿತು. ಬಾಸ್ಟನ್‌ನ ಅನಿಲ ಪೂರೈಕೆಯ ವಿವಾದದಲ್ಲಿ ಅವರು ಗ್ರಾಹಕರ ಮತ್ತು ಕಂಪನಿಯ ಹಿತಗಳನ್ನು ಒಂದಕ್ಕೊಂದು ಜೋಡಿಸುವ ದರ ಪದ್ಧತಿಯನ್ನು ಬೆಂಬಲಿಸಿದರು. 1906ರಲ್ಲಿ ಜಾರಿಗೆ ಬಂದ ಈ ಪದ್ಧತಿಯಂತೆ, ಅನಿಲದ ಬೆಲೆಯನ್ನು ನಿಗದಿತ ಮಟ್ಟಕ್ಕಿಂತ 5 ಸೆಂಟ್ ಇಳಿಸಿದಾಗಲೆಲ್ಲ ಕಂಪನಿಯು ಲಾಭಾಂಶವನ್ನು ಶೇ. 1ರಷ್ಟು ಹೆಚ್ಚಿಸಬಹುದಾಗಿತ್ತು.

ಕಾರ್ಮಿಕರಿಗೆ ವಾರದ ಸಣ್ಣ ಕಂತುಗಳಲ್ಲಿ ಮಾರಲಾಗುತ್ತಿದ್ದ ಜೀವವಿಮೆಯನ್ನು ಅವರು ಅಧ್ಯಯನ ಮಾಡಿದರು. ಕಂತಿನ ಹಣದ ದೊಡ್ಡ ಪಾಲು ವಸೂಲಿ ಮತ್ತು ಆಡಳಿತದ ವೆಚ್ಚಕ್ಕೆ ಹೋಗುತ್ತಿತ್ತು. ಅನೇಕ ಪಾಲಿಸಿಗಳು ಅವಧಿಗೆ ಮುನ್ನವೇ ರದ್ದಾಗುತ್ತಿದ್ದವು. ಪರಿಹಾರವಾಗಿ, ಉಳಿತಾಯ ಬ್ಯಾಂಕುಗಳೇ ಏಜೆಂಟರಿಲ್ಲದೆ ವಿಮೆ ಮಾರುವ ಯೋಜನೆಯನ್ನು ರೂಪಿಸಿದರು. ಮ್ಯಾಸಚೂಸೆಟ್ಸ್ ಶಾಸನಸಭೆ 1907ರಲ್ಲಿ ಇದಕ್ಕೆ ಕಾನೂನಿನ ರೂಪ ನೀಡಿತು.

1908ರ ಮುಲ್ಲರ್ ವಿರುದ್ಧ ಒರೆಗಾನ್ ಪ್ರಕರಣದಲ್ಲಿ ಮಹಿಳಾ ಕಾರ್ಮಿಕರ ದುಡಿಮೆಯನ್ನು ದಿನಕ್ಕೆ 10 ಗಂಟೆಗಳಿಗೆ ಮಿತಗೊಳಿಸಿದ ಕಾನೂನನ್ನು ಅವರು ಸಮರ್ಥಿಸಿದರು. ನೂರಕ್ಕೂ ಹೆಚ್ಚು ಪುಟಗಳ ಅವರ ಲಿಖಿತ ವಾದದಲ್ಲಿ ಕಾನೂನಿನ ಚರ್ಚೆ ಕೆಲವೇ ಪುಟಗಳಷ್ಟಿತ್ತು. ಉಳಿದದ್ದು ವೈದ್ಯಕೀಯ ಮತ್ತು ಸಾಮಾಜಿಕ ವರದಿಗಳ ಸಂಗ್ರಹ. ನಾದಿನಿ ಜೋಸೆಫಿನ್ ಗೋಲ್ಡ್‌ಮಾರ್ಕ್ ಮತ್ತು ರಾಷ್ಟ್ರೀಯ ಗ್ರಾಹಕರ ಸಂಘ ಇದನ್ನು ಸಿದ್ಧಪಡಿಸಲು ನೆರವಾದವು. ವಾಸ್ತವಾಂಶಗಳನ್ನು ಮುಂದಿಟ್ಟು ವಾದಿಸುವ ಈ ಕ್ರಮ ಬ್ರಾಂಡೈಸ್ ಬ್ರೀಫ್ ಎಂದೇ ಪ್ರಸಿದ್ಧವಾಯಿತು.

ಏಕಸ್ವಾಮ್ಯದ ವಿರೋಧ

ಬ್ಯಾಂಕುಗಳು ಜನರ ಠೇವಣಿಯನ್ನೇ ಬಳಸಿ ಉದ್ಯಮಗಳ ಮೇಲೆ ಹಿಡಿತ ಸಾಧಿಸುವುದನ್ನು ವಿವರಿಸಿದ ಅವರ ಲೇಖನಗಳು 1914ರಲ್ಲಿ ಪುಸ್ತಕವಾಗಿ ಹೊರಬಂದವು. ಸಂಸ್ಥೆಗಳು ಮಿತಿಮೀರಿ ಬೆಳೆದಾಗ ದಕ್ಷತೆ ಕುಗ್ಗುತ್ತದೆ, ಪ್ರಜಾಪ್ರಭುತ್ವಕ್ಕೂ ಧಕ್ಕೆಯಾಗುತ್ತದೆ ಎಂಬುದು ಅವರ ನಿಲುವಾಗಿತ್ತು. 1912ರಿಂದ ವುಡ್ರೋ ವಿಲ್ಸನ್ ಅವರಿಗೆ ಆರ್ಥಿಕ ವಿಷಯಗಳಲ್ಲಿ ಸಲಹೆ ನೀಡಿದರು. 1914ರಲ್ಲಿ ಸ್ಥಾಪನೆಯಾದ ಫೆಡರಲ್ ಟ್ರೇಡ್ ಕಮಿಷನ್ ಹಾಗೂ ಅದೇ ವರ್ಷದ ಕ್ಲೇಟನ್ ಕಾಯ್ದೆಯ ಹಿಂದೆ ಅವರ ಚಿಂತನೆಯ ಪ್ರಭಾವವಿತ್ತು.

ಸರ್ವೋಚ್ಚ ನ್ಯಾಯಾಲಯದಲ್ಲಿ

1916ರ ಜನವರಿಯಲ್ಲಿ ವಿಲ್ಸನ್ ಅವರು ಬ್ರಾಂಡೈಸ್ ಅವರನ್ನು ನ್ಯಾಯಮೂರ್ತಿ ಸ್ಥಾನಕ್ಕೆ ಹೆಸರಿಸಿದಾಗ ತೀವ್ರ ವಿರೋಧ ವ್ಯಕ್ತವಾಯಿತು. ವಿರೋಧಿಸಿದವರಲ್ಲಿ ಮಾಜಿ ಅಧ್ಯಕ್ಷ ವಿಲಿಯಂ ಹೊವಾರ್ಡ್ ಟಾಫ್ಟ್ ಸಹ ಇದ್ದರು. ಉದ್ಯಮಪತಿಗಳ ಅಸಮಾಧಾನದ ಜೊತೆಗೆ ಯಹೂದಿ ದ್ವೇಷವೂ ಇದಕ್ಕೆ ಕಾರಣವಾಗಿತ್ತು. ಜೂನ್ 1ರಂದು ಸೆನೆಟ್ 47–22 ಮತಗಳಿಂದ ನೇಮಕವನ್ನು ಅನುಮೋದಿಸಿತು. ಆ ನ್ಯಾಯಾಲಯದ ಮೊದಲ ಯಹೂದಿ ನ್ಯಾಯಮೂರ್ತಿ ಇವರು.

1918ರಲ್ಲಿ ಎರಡು ಸುದ್ದಿಸಂಸ್ಥೆಗಳ ನಡುವಿನ ಪ್ರಕರಣದಲ್ಲಿ, ಒಮ್ಮೆ ಪ್ರಕಟವಾದ ಸುದ್ದಿ ಮತ್ತು ಜ್ಞಾನ ಸಾಮಾನ್ಯವಾಗಿ ಎಲ್ಲರ ಬಳಕೆಗೂ ಮುಕ್ತವಾಗಿರಬೇಕು ಎಂದು ಅವರು ಭಿನ್ನಮತದ ತೀರ್ಪು ಬರೆದರು. ಮಾಹಿತಿಯ ಮೇಲಿನ ಒಡೆತನದ ಚರ್ಚೆಯಲ್ಲಿ ಈ ತೀರ್ಪು ಇಂದಿಗೂ ಉಲ್ಲೇಖಿತವಾಗುತ್ತದೆ.

ಓಮ್‌ಸ್ಟೆಡ್ ಪ್ರಕರಣ

ಮದ್ಯನಿಷೇಧದ ಕಾಲದಲ್ಲಿ ಸಿಯಾಟಲ್ ನಗರದ ರಾಯ್ ಓಮ್‌ಸ್ಟೆಡ್ ಎಂಬಾತ ಅಕ್ರಮ ಮದ್ಯದ ದೊಡ್ಡ ಜಾಲವನ್ನು ನಡೆಸುತ್ತಿದ್ದ. ಸರ್ಕಾರಿ ಅಧಿಕಾರಿಗಳು ಮನೆಗಳ ಒಳಗೆ ಪ್ರವೇಶಿಸದೆ, ಹೊರಗಿನ ತಂತಿಗಳಿಗೆ ಸಂಪರ್ಕ ಕಲ್ಪಿಸಿ ತಿಂಗಳುಗಟ್ಟಲೆ ದೂರವಾಣಿ ಸಂಭಾಷಣೆಗಳನ್ನು ಆಲಿಸಿದರು. ಬೆರಳಚ್ಚು ಮಾಡಿದ ಟಿಪ್ಪಣಿಗಳೇ 775 ಪುಟಗಳಷ್ಟಿದ್ದವು. 1928ರಲ್ಲಿ ನ್ಯಾಯಾಲಯವು 5–4 ಬಹುಮತದಿಂದ, ಮನೆಯೊಳಗೆ ಪ್ರವೇಶಿಸಿಲ್ಲ ಮತ್ತು ವಸ್ತುವನ್ನು ವಶಪಡಿಸಿಕೊಂಡಿಲ್ಲವಾದ್ದರಿಂದ ಸಂವಿಧಾನದ ಉಲ್ಲಂಘನೆಯಾಗಿಲ್ಲ ಎಂದು ತೀರ್ಮಾನಿಸಿತು. ಆ ತೀರ್ಪನ್ನು ಬರೆದವರು ಅಷ್ಟರಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದ ಟಾಫ್ಟ್.

ಬ್ರಾಂಡೈಸ್ ಅವರು ಇದನ್ನು ಒಪ್ಪಲಿಲ್ಲ. ಮೊಹರು ಮಾಡಿದ ಪತ್ರಕ್ಕೆ ರಕ್ಷಣೆಯಿರುವಾಗ ದೂರವಾಣಿ ಮಾತಿಗೂ ಅದು ಇರಬೇಕು. ಕದ್ದಾಲಿಕೆಯಿಂದ ತಂತಿಯ ಎರಡೂ ತುದಿಗಳಲ್ಲಿರುವವರ ಖಾಸಗಿತನ ಭಂಗವಾಗುತ್ತದೆ ಎಂದು ಅವರು ವಾದಿಸಿದರು. ಮುಂದೊಂದು ದಿನ ಮೇಜಿನೊಳಗಿನ ಕಾಗದಗಳನ್ನು ಹೊರತೆಗೆಯದೆಯೇ ನ್ಯಾಯಾಲಯದಲ್ಲಿ ಪ್ರದರ್ಶಿಸುವ ಸಾಧನಗಳು ಬರಬಹುದೆಂದು ಎಚ್ಚರಿಸಿದರು. ಕದ್ದಾಲಿಕೆಯು ವಾಷಿಂಗ್ಟನ್ ರಾಜ್ಯದ ಕಾನೂನಿನಂತೆ ಅಪರಾಧವಾಗಿದ್ದುದರಿಂದ, ಸರ್ಕಾರವೇ ಕಾನೂನು ಮುರಿದು ಸಾಕ್ಷ್ಯ ಗಳಿಸುವುದು ಜನರಲ್ಲಿ ಕಾನೂನಿನ ಬಗೆಗಿನ ಗೌರವವನ್ನು ನಾಶಮಾಡುತ್ತದೆ ಎಂದರು. 1967ರಲ್ಲಿ ಕಾಟ್ಜ್ ಪ್ರಕರಣದ ತೀರ್ಪು ಓಮ್‌ಸ್ಟೆಡ್ ತೀರ್ಪಿನ ತತ್ತ್ವವನ್ನು ಕೈಬಿಟ್ಟಿತು.

ಟೀಕೆಗಳು

ಬುದ್ಧಿಮಾಂದ್ಯರೆಂದು ಗುರುತಿಸಲ್ಪಟ್ಟವರ ಬಲವಂತದ ಸಂತಾನಹರಣಕ್ಕೆ ಅನುಮತಿ ನೀಡಿದ 1927ರ ಬಕ್ ವಿರುದ್ಧ ಬೆಲ್ ತೀರ್ಪಿನಲ್ಲಿ ಬ್ರಾಂಡೈಸ್ ಅವರು ಬಹುಮತದ ಪರವಾಗಿದ್ದರು. ವ್ಯಕ್ತಿಯ ಘನತೆಯನ್ನು ಎತ್ತಿಹಿಡಿದ ನ್ಯಾಯಮೂರ್ತಿಯ ನಿಲುವು ಇಲ್ಲಿ ಭಿನ್ನವಾದುದನ್ನು ವಿದ್ವಾಂಸರು ಟೀಕಿಸಿದ್ದಾರೆ. ನ್ಯಾಯಮೂರ್ತಿಯಾಗಿದ್ದಾಗ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರ ಸಾರ್ವಜನಿಕ ಚಟುವಟಿಕೆಗಳಿಗೆ ಹಣಕಾಸಿನ ನೆರವು ನೀಡಿದ್ದುದೂ ಚರ್ಚೆಗೆ ಒಳಗಾಗಿದೆ.

ನಿವೃತ್ತಿ ಮತ್ತು ಪ್ರಭಾವ

ಬ್ರಾಂಡೈಸ್ ಅವರು 1939ರ ಫೆಬ್ರವರಿಯಲ್ಲಿ ನಿವೃತ್ತರಾದರು. 1941ರಲ್ಲಿ ವಾಷಿಂಗ್ಟನ್ ನಗರದಲ್ಲಿ ನಿಧನರಾದರು. 1948ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಸ್ಥಾಪನೆಯಾದ ಬ್ರಾಂಡೈಸ್ ವಿಶ್ವವಿದ್ಯಾಲಯಕ್ಕೆ ಇವರ ಹೆಸರನ್ನಿಡಲಾಗಿದೆ. ಬೃಹತ್ ತಂತ್ರಜ್ಞಾನ ಕಂಪನಿಗಳ ಮಾರುಕಟ್ಟೆ ಬಲವನ್ನು ಬೆಲೆಯಿಂದ ಮಾತ್ರ ಅಳೆಯಬಾರದೆಂದು ವಾದಿಸುವ ಇಂದಿನ ಚಿಂತಕರನ್ನು ನವ ಬ್ರಾಂಡೈಸ್ ಪಂಥದವರು ಎಂದು ಕರೆಯಲಾಗುತ್ತದೆ.

ಭಾರತದಲ್ಲಿ 1975ರ ಗೋವಿಂದ್ ಪ್ರಕರಣದ ತೀರ್ಪು ಓಮ್‌ಸ್ಟೆಡ್ ಭಿನ್ನಮತವನ್ನು ಉಲ್ಲೇಖಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಆರಂಭವಾದ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವಾನುಮತದಿಂದ ಘೋಷಿಸಿತು. ಆ ತೀರ್ಪಿನಲ್ಲಿ ವಾರೆನ್ ಮತ್ತು ಬ್ರಾಂಡೈಸ್ ಅವರ 1890ರ ಲೇಖನವನ್ನೂ ಚರ್ಚಿಸಲಾಗಿದೆ.