ತನ್ನ ಹೆಸರನ್ನೇ ಬಿಟ್ಟುಕೊಟ್ಟ ಪುಟ್ಟಬಸಪ್ಪ

1837ರ ಏಪ್ರಿಲ್ 5ರಂದು ರೈತರ ಪಡೆಯೊಂದು ಮಂಗಳೂರಿನ ಬಾವುಟಗುಡ್ಡೆ ಹತ್ತಿ, ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ತನ್ನ ಬಾವುಟ ಹಾರಿಸಿತು. ಆ ಪಡೆಯ ಮುಂದಾಳು ಪುಟ್ಟಬಸಪ್ಪ.

ಇವರು ಕೊಡಗಿನ ಶನಿವಾರಸಂತೆ ಕಡೆಯ ಸಾಮಾನ್ಯ ರೈತ. 1834ರಲ್ಲಿ ಕಂಪನಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು. ಕೊಡಗಿನ ಭಾಗವಾಗಿದ್ದ ಅಮರ ಸುಳ್ಯ ಸೀಮೆ ಕೆನರಾ ಜಿಲ್ಲೆಗೆ ಸೇರಿತು. ಅದುವರೆಗೆ ಬೆಳೆಯ ಪಾಲನ್ನೇ ಕಂದಾಯವಾಗಿ ಕೊಡುತ್ತಿದ್ದ ರೈತರು ಇನ್ನು ನಗದು ಕಟ್ಟಬೇಕಾಯಿತು. ಕಣಜದಲ್ಲಿ ಭತ್ತವಿತ್ತು, ಕೈಯಲ್ಲಿ ಕಾಸಿರಲಿಲ್ಲ.

ದಂಗೆಗೆ ಅರಸುಮನೆತನದ ಹೆಸರೊಂದು ಬೇಕಿತ್ತು. ಹಾಲೇರಿ ವಂಶದವನೆಂದು ಹೇಳಿಕೊಂಡಿದ್ದ ಕಲ್ಯಾಣಸ್ವಾಮಿ ಆಗಲೇ ಸೆರೆಯಾಗಿದ್ದ. ಸುಳ್ಯದ ಕೆದಂಬಾಡಿ ರಾಮಯ್ಯ ಗೌಡರು ಮತ್ತು ಸಂಗಡಿಗರು ಪುಟ್ಟಬಸಪ್ಪನವರನ್ನೇ ಕಲ್ಯಾಣಸ್ವಾಮಿ ಎಂದು ಮುಂದೆ ನಿಲ್ಲಿಸಿದರು. ಮೂರು ವರ್ಷ ಕಂದಾಯ ಮಾಫಿ, ಉಪ್ಪು ಮತ್ತು ಹೊಗೆಸೊಪ್ಪಿನ ಸುಂಕ ರದ್ದು ಎಂದು ಸಾರಿದರು. ಬೆಳ್ಳಾರೆಯ ಖಜಾನೆ ವಶವಾಯಿತು. ಪುತ್ತೂರು, ಬಂಟ್ವಾಳ ದಾಟುವಾಗ ಜನ ಸೇರುತ್ತಲೇ ಹೋದರು. ಮಂಗಳೂರು 13 ದಿನ ಅವರ ಕೈಯಲ್ಲಿತ್ತು. ಕಂಪನಿಯ ಹೆಚ್ಚುವರಿ ಸೇನೆ ಬಂದ ಮೇಲೆ ಪಡೆ ಚದುರಿತು. ಪುಟ್ಟಬಸಪ್ಪ ಸಿಕ್ಕಿಬಿದ್ದರು. ಅದೇ ವರ್ಷ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು.

ನಾನು ಕಾಪುವಿನವನು, ಕಾರ್ಕಳದ ಬಳಿ ಬಿ.ಇ. ಓದುತ್ತಿದ್ದೇನೆ. ದೀಪಸ್ತಂಭ ನನಗೆ ಹೊಸದಲ್ಲ. ಬಾವುಟಗುಡ್ಡೆಗೆ ಮೊದಲ ಸಲ ಹೋದಾಗಲೂ ಅಲ್ಲಿನ ಹಳೆಯ ದೀಪಸ್ತಂಭವನ್ನಷ್ಟೇ ನೋಡಿ ಬಂದಿದ್ದೆ. ಕಳೆದ ತಿಂಗಳು ಈ ಕಥೆ ಓದಿಕೊಂಡು ಮತ್ತೆ ಹೋದೆ. 2022ರಲ್ಲಿ ಅನಾವರಣಗೊಂಡ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅಲ್ಲಿದೆ. ಅದರ ಮುಂದೆ ನಿಂತಾಗ ನೆನಪಾದದ್ದು ಅವರ ಪಕ್ಕದಲ್ಲಿ ನಡೆದಿದ್ದ ಪುಟ್ಟಬಸಪ್ಪ.

ಈ ಹೋರಾಟವನ್ನು ಬಹುಕಾಲ ಕಲ್ಯಾಣಪ್ಪನ ಕಾಟಕಾಯಿ ಎಂದು ಹಗುರವಾಗಿ ಕರೆಯಲಾಯಿತು. ಕಂದಾಯ ಕಟ್ಟಲಾಗದ ರೈತರ ಸಂಕಟ ಆ ಮಾತಿನಲ್ಲಿ ಕಾಣಿಸುವುದೇ ಇಲ್ಲ. ಅದರಲ್ಲಿ ಉಳಿದದ್ದೂ ಎರವಲು ಹೆಸರೇ.

ಕೆಲಸ ಹುಡುಕುವ ನಾವೆಲ್ಲ ನಮ್ಮ ಹೆಸರಿಗೆ ತೂಕ ಬರಲಿ ಎಂದು ಒದ್ದಾಡುತ್ತೇವೆ. ಅದು ತಪ್ಪಲ್ಲ. ಆದರೆ ಊರವರ ಕಷ್ಟಕ್ಕಾಗಿ ಒಬ್ಬ ರೈತ ತನ್ನ ಹೆಸರನ್ನೂ ಬಿಟ್ಟು, ಕೊನೆಗೆ ಜೀವವನ್ನೂ ಕೊಟ್ಟ. ಸಂದರ್ಶನಕ್ಕೆಂದು ಮಂಗಳೂರಿಗೆ ಹೋದಾಗ ಅರ್ಧ ಗಂಟೆ ಬಿಡುವು ಮಾಡಿಕೊಂಡು ಆ ಗುಡ್ಡ ಹತ್ತಿ. ಪುಟ್ಟಬಸಪ್ಪ ಎಂಬ ಹೆಸರನ್ನು ಜೊತೆಯಲ್ಲಿದ್ದವರಿಗೂ ಹೇಳಿ.